ಬ್ರೌಸರಿನ ದುರಸ್ತಿ, ಗಲ್ಲಾದ ಹೊಣೆ

ನಮ್ಮವರು ನಡೆಸುವ ಅಥವಾ ದುಡಿಯುವ ಹೋಟೆಲುಗಳಲ್ಲಿ ಇಂದು ಗಲ್ಲಾದ ಪಕ್ಕದಲ್ಲಿ ಒಂದು ಕಂಪ್ಯೂಟರು ಇಲ್ಲದಿರುವುದೇ ಅಪರೂಪ. ಮುಂಜಾನೆ ಇಡ್ಲಿಯ ಹಬೆ ಏಳುವ ಹೊತ್ತಿಗೆ ತೆರೆದ ಬ್ರೌಸರು ರಾತ್ರಿ ಶಟರು ಎಳೆದ ಮೇಲೂ ಅನೇಕ ಕಡೆ ತೆರೆದೇ ಇರುತ್ತದೆ. ಬಿಲ್ಲು, ಮನೆಗೆ ತರಿಸಿಕೊಳ್ಳುವವರ ಆರ್ಡರು, ಬ್ಯಾಂಕಿನ ಖಾತೆ, ಜಿ.ಎಸ್.ಟಿ. ಲೆಕ್ಕ, ಸಮಸ್ತವೂ ಅದರೊಳಗೇ. ಕಚೇರಿಗಳಲ್ಲಿ ಗುಮಾಸ್ತರ ಮೇಜಿನ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಹೊಸ ಅಪ್‌ಡೇಟ್ ಬಂದಿದೆ, ಒಮ್ಮೆ ಮುಚ್ಚಿ ತೆರೆಯಿರಿ ಎಂಬ ಅರ್ಥದ ಚಿಕ್ಕ ಸೂಚನೆಯೊಂದು ಬ್ರೌಸರಿನ ಮೇಲ್ಮೂಲೆಯಲ್ಲಿ ದಿನಗಟ್ಟಲೆ ನಿಂತಿರುವುದನ್ನು ಓದುಗರಲ್ಲಿ ಎಷ್ಟೋ ಮಂದಿ ನೋಡಿರಬಹುದು. ನೋಡಿಯೂ ‘ನಾಳೆ ಮಾಡಿದರಾಯಿತು’ ಎಂದು ಬಿಟ್ಟಿರಬಹುದು. ಈ ‘ನಾಳೆ’ಯ ವಿಷಯವಾಗಿ ನಾಲ್ಕು ಮಾತು ಹೇಳುವುದು ಅಗತ್ಯವೆಂದು ನಮಗೆ ತೋರುತ್ತದೆ.

೨೦೨೩ರ ಸೆಪ್ಟೆಂಬರಿನ ಒಂದು ಪ್ರಸಂಗವನ್ನು ಇಲ್ಲಿ ಸ್ಮರಿಸಬೇಕು. ಚಿತ್ರಗಳನ್ನು ಕಡಿಮೆ ಗಾತ್ರಕ್ಕೆ ಇಳಿಸಿ ಕಳುಹಿಸಲು ಗೂಗಲ್ ಸಂಸ್ಥೆಯವರು ರೂಪಿಸಿದ ಪದ್ಧತಿಗೆ ವೆಬ್‌ಪಿ ಎಂದು ಹೆಸರು. ಆ ಚಿತ್ರಗಳನ್ನು ಬಿಡಿಸಿ ತೋರಿಸುವ ತಂತ್ರಾಂಶದಲ್ಲಿ ಒಂದು ದೋಷ ಅಡಗಿತ್ತು. ಲೆಕ್ಕದ ಪುಸ್ತಕ ಬರೆದು ಬಲ್ಲವರಿಗೆ ಅದನ್ನು ತಿಳಿಸುವುದು ಕಷ್ಟವಲ್ಲ. ಒಬ್ಬ ಗಿರಾಕಿಯ ಬಾಕಿಗೆಂದು ಪುಟದಲ್ಲಿ ಹತ್ತು ಸಾಲು ಬಿಟ್ಟಿದೆ ಎನ್ನೋಣ. ಹನ್ನೆರಡು ಸಾಲಿನ ಬಾಬತ್ತು ಬಂದಾಗ, ಎಷ್ಟು ಜಾಗ ಉಳಿದಿದೆ ಎಂದು ನೋಡದೆಯೇ ಬರೆಯುತ್ತ ಹೋದರೆ ಕಡೆಯ ಎರಡು ಸಾಲು ಮುಂದಿನ ಗಿರಾಕಿಯ ಲೆಕ್ಕದ ಮೇಲೆ ಬೀಳುತ್ತವೆ. ದುರುದ್ದೇಶದಿಂದ ರಚಿಸಿದ ಚಿತ್ರವೊಂದು ಕಂಪ್ಯೂಟರಿನ ಸ್ಮರಣೆಯಲ್ಲಿ ಹೀಗೆಯೇ ತನ್ನ ಎಲ್ಲೆ ದಾಟಿ ಬರೆಯಬಲ್ಲದಾಗಿತ್ತು. ಅದರಿಂದ ಯಂತ್ರವು ಪರರ ಅಂಕೆಗೆ ಒಳಗಾಗುವ ದಾರಿ ತೆರೆಯುತ್ತಿತ್ತು. ಇದಕ್ಕಾಗಿ ಬಳಸುವವನು ಯಾವ ಕಡತವನ್ನೂ ಇಳಿಸಿಕೊಳ್ಳಬೇಕಾಗಿರಲಿಲ್ಲ. ಆ ಚಿತ್ರವಿದ್ದ ಪುಟವನ್ನು ತೆರೆದಷ್ಟೇ ಸಾಕಾಗಿತ್ತು.

ಆಪಲ್ ಸಂಸ್ಥೆಯ ಭದ್ರತಾ ವಿಭಾಗದವರೂ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ನವರೂ ಆ ತಿಂಗಳ ೬ರಂದು ಈ ಸಂಗತಿಯನ್ನು ಗೂಗಲಿಗೆ ತಿಳಿಸಿದರು. ೧೧ರಂದು ಕ್ರೋಮ್ ಬ್ರೌಸರಿಗೆ ದುರಸ್ತಿ ಹೊರಬಿತ್ತು. ಮರುದಿನ ಫೈರ್‌ಫಾಕ್ಸಿಗೂ ಬಂತು. ಅದೇ ತಂತ್ರಾಂಶವನ್ನು ಒಳಗೊಂಡಿದ್ದ ಎಡ್ಜ್, ಬ್ರೇವ್, ಒಪೇರಾಗಳನ್ನೂ ಸರಿಪಡಿಸಬೇಕಾಯಿತು. ಈ ದೋಷವನ್ನು ಬಳಸುವ ಉಪಾಯವು ದುಷ್ಕರ್ಮಿಗಳ ಕೈಯಲ್ಲಿ ಆಗಲೇ ಚಾಲ್ತಿಯಲ್ಲಿದೆ ಎಂಬುದನ್ನೂ ಗೂಗಲ್ ಅಂದೇ ಒಪ್ಪಿಕೊಂಡಿತು. ತಪ್ಪು ಮಾಡಿದ್ದು ಅವರೇ ಎಂಬುದನ್ನು ಮರೆಯಲಾಗದಾದರೂ, ಐದೇ ದಿನಗಳಲ್ಲಿ ಪರಿಹಾರ ಒದಗಿಸಿದ್ದನ್ನು ಮೆಚ್ಚದಿರುವುದು ನ್ಯಾಯವಲ್ಲ.

ಆದರೆ ದುರಸ್ತಿ ಹೊರಬಿದ್ದ ದಿನವೇ ಅಪಾಯ ಮುಗಿಯಿತೆಂದು ತಿಳಿಯುವುದು ದೊಡ್ಡ ಪ್ರಮಾದ. ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಕ್ರೋಮ್ ಬ್ರೌಸರಿಗೆ ಆಧಾರವಾದ ಕ್ರೋಮಿಯಮ್ ತಂತ್ರಾಂಶದ ಬರಹ ಸಾರ್ವಜನಿಕವಾದದ್ದು. ಯಾವ ಸಾಲನ್ನು ತಿದ್ದಿದರು ಎಂಬುದನ್ನು ಯಾರು ಬೇಕಾದರೂ ಓದಬಹುದು. ತಿದ್ದಿದ ಜಾಗವೇ ಹಳೆಯ ಬಿರುಕಿನ ಜಾಗವಷ್ಟೆ! ಬಲ್ಲ ಕಳ್ಳನಿಗೆ ಅದಕ್ಕಿಂತ ಉತ್ತಮ ನಕ್ಷೆ ಬೇಕಿಲ್ಲ. ಅಪ್‌ಡೇಟ್ ಪಡೆದವನು ಪಾರಾಗುತ್ತಾನೆ; ಪಡೆಯದವನ ಮನೆಯ ಮುರುಕು ಕಿಟಕಿ ಯಾವುದೆಂದು ಊರಿಗೆಲ್ಲ ಡಂಗುರ ಸಾರಿದಂತಾಗುತ್ತದೆ. ತಿದ್ದುಪಡಿ ಬಹಿರಂಗವಾಗುವುದಕ್ಕೂ ಅದು ಬಳಕೆದಾರರ ಕೈಸೇರುವುದಕ್ಕೂ ನಡುವೆ ಹಿಂದೆ ಸರಾಸರಿ ೩೫ ದಿನಗಳಷ್ಟು ಅಂತರವಿತ್ತೆಂದೂ ಬಳಿಕ ಅದು ೧೫ ದಿನಗಳಷ್ಟಕ್ಕೆ ಇಳಿಯಿತೆಂದೂ ಗೂಗಲ್ ಹೇಳಿದೆ. ಅದನ್ನು ಇನ್ನಷ್ಟು ತಗ್ಗಿಸುವ ಸಲುವಾಗಿ ೨೦೨೩ರ ಆಗಸ್ಟಿನಿಂದ ವಾರಕ್ಕೊಂದರಂತೆ ಭದ್ರತಾ ಅಪ್‌ಡೇಟ್ ಕೊಡುವ ಪದ್ಧತಿಯನ್ನು ಆರಂಭಿಸಲಾಯಿತು.

ವಾರಕ್ಕೊಮ್ಮೆ ಬಂದರೇನು? ಬಂದ ದುರಸ್ತಿ ಬಾಗಿಲ ಹೊರಗೇ ನಿಂತಿರುತ್ತದೆ. ಕ್ರೋಮ್ ತನ್ನ ಅಪ್‌ಡೇಟನ್ನು ಸದ್ದಿಲ್ಲದೆ ಇಳಿಸಿಕೊಳ್ಳುವುದೇನೋ ನಿಜ. ಆದರೆ ಅದನ್ನು ಪೂರ್ತಿ ಮುಚ್ಚಿ ಪುನಃ ತೆರೆಯುವವರೆಗೆ ಓಡುತ್ತಿರುವುದು ಹಳೆಯ ಬ್ರೌಸರೇ. ನಮ್ಮ ಹೋಟೆಲಿನ ಗಲ್ಲಾದಲ್ಲಿ ಅದನ್ನು ಮುಚ್ಚುವವರು ಯಾರು? ಊಟದ ಹೊತ್ತಿನಲ್ಲಿ ಮುಚ್ಚಿದರೆ ಆರ್ಡರು ತಪ್ಪೀತೆಂಬ ಭಯ. ಮುಚ್ಚಿದ ಮೇಲೆ ಬಿಲ್ಲಿನ ಪುಟ ಮೊದಲಿನಂತೆ ಬಾರದಿದ್ದರೆ ಯಜಮಾನರು ಗದರಿಸಿಯಾರೆಂಬ ಅಂಜಿಕೆ. ಇದು ಕೇವಲ ಹುಚ್ಚು ಅಂಜಿಕೆಯೆಂದು ನಾವು ಹೇಳುವುದಿಲ್ಲ. ಅಪ್‌ಡೇಟ್ ಆದ ಬಳಿಕ ಹಳೆಯ ಬಿಲ್ಲಿಂಗ್ ವ್ಯವಸ್ಥೆ ತಕರಾರು ಮಾಡುವುದುಂಟು. ಸೂಚನೆಯನ್ನು ಒತ್ತಿ ಪುನಃ ತೆರೆದಾಗ ಸಾಮಾನ್ಯ ಪುಟಗಳು ಮರಳಿ ಬರುತ್ತವಾದರೂ, ಅರ್ಧ ತುಂಬಿಟ್ಟ ನಮೂನೆಯ ವಿವರಗಳು ಕಳೆದುಹೋಗಬಹುದು. ಆದುದರಿಂದಲೇ ಇದಕ್ಕೊಂದು ಹೊತ್ತು ಗೊತ್ತುಮಾಡಬೇಕಾಗಿದೆ. ರಾತ್ರಿ ಗಲ್ಲಾ ಎಣಿಸಿ ಚೀಟಿ ಬರೆಯುವ ಹೊತ್ತು ಇದಕ್ಕೆ ಪ್ರಶಸ್ತವೆಂದು ನಮ್ಮ ಅಭಿಪ್ರಾಯ. ಎರಡು ನಿಮಿಷದ ಕೆಲಸ.

ಯಂತ್ರ ಹಳೆಯದಾಗಿದ್ದರೆ ಪ್ರಶ್ನೆ ಇನ್ನಷ್ಟು ಜಟಿಲ. ವಿಂಡೋಸ್ ೭ರ ಕಂಪ್ಯೂಟರುಗಳಿಗೆ ೨೦೨೩ರ ಫೆಬ್ರವರಿಯಿಂದ ಕ್ರೋಮಿನ ಹೊಸ ಆವೃತ್ತಿ ದೊರೆಯುತ್ತಿಲ್ಲ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು, ಬೀಗ ಕೆಟ್ಟ ತಿಜೋರಿಯಲ್ಲಿ ಹಣವಿಟ್ಟಂತೆ. ಹೊಸ ಯಂತ್ರಕ್ಕೆ ಬಂಡವಾಳವಿಲ್ಲದ ಚಿಕ್ಕ ಹೋಟೆಲಿನವರು ಅದನ್ನು ಬಿಲ್ಲು ಮುದ್ರಿಸುವುದಕ್ಕೆ ಮಾತ್ರ ಇಟ್ಟುಕೊಂಡು, ಹಣದ ವ್ಯವಹಾರವನ್ನು ಬೇರೆ ಕಡೆಗೆ ಸರಿಸುವುದು ಲೇಸು. ಕೆಲಸಗಾರರ ಮೊಬೈಲಿನ ಕಥೆಯೂ ಇದೇ. ೨೦೨೫ರ ಆಗಸ್ಟಿನಲ್ಲಿ ಬಂದ ಕ್ರೋಮ್ ೧೩೯ನೆಯ ಆವೃತ್ತಿಗೆ ಆಂಡ್ರಾಯ್ಡ್ ೧೦ ಅಥವಾ ಅದಕ್ಕಿಂತ ಈಚಿನದು ಬೇಕು. ಅದಕ್ಕೂ ಹಳೆಯ ಫೋನುಗಳಿಗೆ ಆ ಬ್ರೌಸರಿನ ಹೊಸ ದುರಸ್ತಿ ಇಲ್ಲ. ಅಣ್ಣನ ಕೈಯಿಂದ ತಮ್ಮನಿಗೆ, ತಮ್ಮನಿಂದ ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ದಾಟುವ ಫೋನು ಇಂಥದೇ ಆಗಿರುವ ಸಂಭವ ಹೆಚ್ಚು. ತಿಂಗಳ ಸಂಬಳ ಬಂದೊಡನೆ ಊರಿಗೆ, ತಾಯಿಯ ಖಾತೆಗೆ ಹಣ ಹೋಗುವುದೂ ಅದೇ ಫೋನಿನಿಂದ. ಹೊಸ ಫೋನು ಕೊಳ್ಳಿರೆಂದು ಬುದ್ಧಿ ಹೇಳುವುದು ನಮಗೆ ಸುಲಭ. ಕೊಳ್ಳುವುದು ಅವರಿಗೆ ಸುಲಭವಲ್ಲ. ಸೆಕೆಂಡ್‌ಹ್ಯಾಂಡ್ ಫೋನು ಕೊಳ್ಳುವಾಗಲಾದರೂ ಅದರ ಆಂಡ್ರಾಯ್ಡ್ ಎಷ್ಟನೆಯದು, ಇನ್ನೂ ಅಪ್‌ಡೇಟ್ ಬರುತ್ತಿದೆಯೇ ಎಂದು ಕೇಳಿ ನೋಡಿ ಕೊಳ್ಳಬೇಕೆಂದು ಬಿನ್ನವಿಸುತ್ತೇವೆ. ಅಪ್‌ಡೇಟಿಗೆ ಡೇಟಾ ಖರ್ಚಾಗುವುದೆಂದು ಹಿಂಜರಿಯುವವರೂ ಇದ್ದಾರೆ. ಗಿರಾಕಿಗಳಿಗೆ ವೈಫೈ ಒದಗಿಸುವ ಯಜಮಾನರು ವಾರಕ್ಕೊಂದು ರಾತ್ರಿ ಅದನ್ನೇ ತಮ್ಮ ಹುಡುಗರಿಗೂ ಕೊಟ್ಟರೆ ಅವರಿಗಾಗುವ ನಷ್ಟವೇನೂ ಇಲ್ಲ.

ಇನ್ನು, ಅಪ್‌ಡೇಟಿನ ಹೆಸರಿನಲ್ಲೇ ಮೋಸ ನಡೆಯುತ್ತಿರುವುದು ಅತ್ಯಂತ ವಿಷಾದನೀಯ. ಯಾವುದೋ ಪುಟ ಥಟ್ಟನೆ ಎದ್ದು ‘ನಿಮ್ಮ ಬ್ರೌಸರು ಹಳೆಯದಾಗಿದೆ, ಇಲ್ಲಿ ಒತ್ತಿ’ ಎಂದು ಕೂಗಿದರೆ ಒತ್ತಕೂಡದು. ವಾಟ್ಸಾಪಿನಲ್ಲಿ ಬಂದ ಎ.ಪಿ.ಕೆ. ಕಡತವನ್ನು, ಕಳುಹಿಸಿದವರು ಪರಿಚಿತರಾಗಿದ್ದರೂ, ತೆರೆಯಕೂಡದು. ಕಂಪ್ಯೂಟರಿನಲ್ಲಾದರೆ ಕ್ರೋಮಿನ ಬಲತುದಿಯ ಮೂರು ಚುಕ್ಕೆ ಒತ್ತಿ, ಹೆಲ್ಪ್ ಎಂಬಲ್ಲಿಗೆ ಹೋಗಿ, ಅಬೌಟ್ ಗೂಗಲ್ ಕ್ರೋಮ್ ಎಂಬುದನ್ನು ತೆರೆದರೆ ಅದೇ ತನ್ನ ಸ್ಥಿತಿಯನ್ನು ಹೇಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಾದರೆ ಪ್ಲೇ ಸ್ಟೋರ್. ಹಣ ಹೋದುದು ತಿಳಿದ ಕ್ಷಣವೇ ೧೯೩೦ ಎಂಬ ಸಂಖ್ಯೆಗೆ ಕರೆಮಾಡಬೇಕು. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟವಾಗುತ್ತದೆ. ಒ.ಟಿ.ಪಿ.ಯನ್ನು ನಾವೇ ಪರರಿಗೆ ಹೇಳಿಬಿಟ್ಟರೆ ಯಾವ ಅಪ್‌ಡೇಟೂ ಕಾಪಾಡಲಾರದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಯಜಮಾನರಲ್ಲಿ ಒಂದು ಮಾತು. ಖಾತೆಯಿಂದ ಹಣ ಕಾಣೆಯಾದಾಗ ಮೊದಲ ಸಂಶಯ ಬೀಳುವುದು ಗಲ್ಲಾದಲ್ಲಿ ಕೂತ ಹುಡುಗನ ಮೇಲೆ. ಎರಡನೆಯದಾಗಿ ಬಿಲ್ಲು ಬರೆಯುವ ಗುಮಾಸ್ತನ ಮೇಲೆ. ಪಾಸ್‌ವರ್ಡು ಬಲ್ಲವರು ಅವರೇ ಅಲ್ಲವೇ ಎಂಬ ತರ್ಕ! ಊರು ಬಿಟ್ಟು ಬಂದವನಿಗೆ ಇಲ್ಲಿರುವ ಆಸ್ತಿಯೆಂದರೆ ನಂಬಿಕಸ್ಥನೆಂಬ ಹೆಸರೊಂದೇ. ಅದು ಹೋದರೆ ಬೇರೊಂದು ಹೋಟೆಲಿನಲ್ಲಿ ಕೆಲಸ ಸಿಗುವುದೂ ದುಸ್ತರ. ತಿಂಗಳುಗಟ್ಟಲೆ ದುರಸ್ತಿ ಕಾಣದ ಬ್ರೌಸರಿನ ಬಿರುಕಿನಿಂದಲೂ ಹೊರಗಿನವನು ಒಳನುಗ್ಗಿರಬಹುದೆಂಬ ವಿಚಾರ ಎಷ್ಟು ಯಜಮಾನರಿಗೆ ಹೊಳೆದೀತು? ಗಲ್ಲಾದ ಕಂಪ್ಯೂಟರನ್ನು ಯಾವ ರಾತ್ರಿ ಯಾರು ಮುಚ್ಚಿ ತೆರೆದರು ಎಂಬುದನ್ನು ದಿನದ ಲೆಕ್ಕದ ಚೀಟಿಯಲ್ಲೇ ಒಂದು ಸಾಲು ಬರೆಸಲಿ. ಅದಕ್ಕೆ ಬೇಕಾದ ಎರಡು ನಿಮಿಷವನ್ನು ಕೆಲಸದ ಹೊತ್ತಿನಲ್ಲೇ ಕೊಡಲಿ. ಬಿಲ್ಲಿನ ವ್ಯವಸ್ಥೆ ತಕರಾರು ಮಾಡಿದರೆ ಹುಡುಗನನ್ನು ಬೈಯದೆ ಅದನ್ನು ಮಾರಿದವರನ್ನು ಕರೆಸಲಿ. ಇಷ್ಟನ್ನೂ ಮಾಡದೆ, ತನಿಖೆಯೂ ಇಲ್ಲದೆ, ಹೋದ ಹಣವನ್ನು ಕೆಲಸಗಾರನ ಸಂಬಳದಲ್ಲಿ ಮುರಿದುಕೊಳ್ಳುವುದನ್ನು ನಾವು ಖಂಡಿಸುತ್ತೇವೆ.