ಪೀನಟ್ ಬಟರ್ ಪುಡಿ ತರುವ ಮೊದಲು ಒಂದು ಲೆಕ್ಕ

ಜಿಮ್ಮಿಗೆ ಹೋಗುವ ಹುಡುಗರಿಗೂ, ಕೊಲೆಸ್ಟರಾಲ್ ಇದೆ ಎಂದು ಡಾಕ್ಟರು ಹೇಳಿದ ಮೇಲೆ ಎಣ್ಣೆಗೆ ಹೆದರುವ ಹಿರಿಯರಿಗೂ ಮೊಬೈಲಿನಲ್ಲಿ ಈಗ ಒಂದೇ ಜಾಹೀರಾತು: ಪೀನಟ್ ಬಟರ್ ಪುಡಿ. ಕೊಬ್ಬು ತುಂಬಾ ಕಡಿಮೆಯಂತೆ. ಆರ್ಡರ್ ಮಾಡಿದರೆ ಕಬಕಕ್ಕೂ ಬರುತ್ತದೆ. ತರಬೇಕಾ, ಬೇಡವಾ? ಪುಡಿಯಲ್ಲಿ ಮೋಸವಿಲ್ಲ. ಆದರೆ ಅದನ್ನು ಯಾವುದರ ಬದಲಿಗೆ ತಿನ್ನುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ ಎಂಬುದು ನಮ್ಮ ಅಭಿಪ್ರಾಯ.

ಈ ಪುಡಿ ಏನೆಂದು ಪುತ್ತೂರಿನವರಿಗೆ ಹೇಳುವುದು ಸುಲಭ. ಇಲ್ಲಿ 1986ರಿಂದ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆ ಇದೆ. ಕೊಕ್ಕೋ ಬೀಜವನ್ನು ಒತ್ತಿ ಕೊಬ್ಬು ತೆಗೆದರೆ ಉಳಿಯುವುದೇ ಕೊಕ್ಕೋ ಪುಡಿ. ಇದೂ ಹಾಗೆಯೇ. ಹುರಿದ ನೆಲಗಡಲೆಯನ್ನು ಒತ್ತಿ, ಎಣ್ಣೆಯ ಹೆಚ್ಚಿನ ಪಾಲು ತೆಗೆದು, ಉಳಿದದ್ದನ್ನು ನುಣ್ಣಗೆ ಪುಡಿ ಮಾಡುತ್ತಾರೆ. ತಿನ್ನುವಾಗ ನೀರಿನಲ್ಲಿ ಕಲಸಬೇಕು.

ಈಗ ಅಂಕಿ ನೋಡೋಣ. ಎರಡು ದೊಡ್ಡ ಚಮಚ ಪೀನಟ್ ಬಟರ್ ಎಂದರೆ 32 ಗ್ರಾಂ. ಅದರಲ್ಲಿ ಸುಮಾರು 190 ಕ್ಯಾಲೊರಿ, 16 ಗ್ರಾಂ ಕೊಬ್ಬು, 7 ಗ್ರಾಂ ಪ್ರೋಟೀನ್. ಎರಡು ಚಮಚ ಪುಡಿ 12–13 ಗ್ರಾಂ ಮಾತ್ರ. ಅದರಲ್ಲಿ 50–60 ಕ್ಯಾಲೊರಿ, 2 ಗ್ರಾಂ ಒಳಗೆ ಕೊಬ್ಬು, 5–6 ಗ್ರಾಂ ಪ್ರೋಟೀನ್. ಕೊಬ್ಬು ಇಳಿದದ್ದು ನಿಜ. ಆದರೆ ಚಮಚ ಒಂದೇ ಆದರೂ ತೂಕ ಒಂದೇ ಅಲ್ಲ. ಜಾಹೀರಾತು ಇದನ್ನು ಹೇಳುವುದಿಲ್ಲ.

ಇನ್ನು ನಮ್ಮ ಊಟದ ವಿಷಯ. ನಮ್ಮಲ್ಲಿ ದಿನಾ ಬ್ರೆಡ್ಡಿಗೆ ಪೀನಟ್ ಬಟರ್ ಹಚ್ಚಿ ತಿನ್ನುವವರು ಎಷ್ಟು ಮಂದಿ? ನಮ್ಮ ಹೊಟ್ಟೆಗೆ ಕೊಬ್ಬು ಹೋಗುವುದು ಕಾಯಿ ಅರೆದ ಗಸಿಯಿಂದ, ಚಟ್ನಿಯಿಂದ, ಸಂಜೆಯ ಗೋಳಿಬಜೆ, ಬನ್ಸ್‌ನಿಂದ. ತೆಂಗಿನೆಣ್ಣೆಯಲ್ಲಿ ಸುಮಾರು ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ಕೊಲೆಸ್ಟರಾಲ್ ಇದ್ದವರಿಗೆ ಡಾಕ್ಟರು ಮಿತಿ ಹಾಕುವುದು ಇದಕ್ಕೆ. ನೆಲಗಡಲೆ ಎಣ್ಣೆಯಲ್ಲಿ ಅದು ಐದರಲ್ಲಿ ಒಂದು ಪಾಲಿನಷ್ಟೇ. ಗೋಳಿಬಜೆ ಬಿಡದೆ, ಮೇಲಿಂದ ಪುಡಿ ಕಲಸಿದ ಹಾಲು ಕುಡಿದರೆ ಕೊಬ್ಬು ಎಲ್ಲಿ ಕಡಿಮೆಯಾಯಿತು?

ತಂದವರು ಹೀಗೆ ಬಳಸಿ. ಚಟ್ನಿಗೆ ಹಾಕುವ ಕಾಯಿ ಅರ್ಧ ಮಾಡಿ, ಎರಡು ಚಮಚ ಪುಡಿ ಸೇರಿಸಿ. ಗಸಿ ದಪ್ಪ ಬರಲೂ ಹಾಕಬಹುದು. ಕೊಳ್ಳುವಾಗ ಡಬ್ಬಿಯ ಹಿಂದೆ ಓದಿ: ಹಲವದರಲ್ಲಿ ಸಕ್ಕರೆ, ಉಪ್ಪು ಸೇರಿಸಿರುತ್ತಾರೆ. ಶುಗರ್, ಬಿಪಿ ಇದ್ದವರು ಬರೀ ನೆಲಗಡಲೆ ಇರುವುದನ್ನೇ ನೋಡಿ. ನೆಲಗಡಲೆ ಅಲರ್ಜಿ ಇದ್ದವರು ಮುಟ್ಟಲೇಬೇಡಿ.

ಮನೆಯಲ್ಲೇ ಮಾಡಬಹುದಾ? ಮಿಕ್ಸಿಯಲ್ಲಿ ಪುಡಿ ಮಾಡಿದರೆ ಎಣ್ಣೆ ಅದರಲ್ಲೇ ಇರುತ್ತದೆ. ಹಾಗೆಂದು ದನಕ್ಕೆ ತಂದ ನೆಲಗಡಲೆ ಹಿಂಡಿಯನ್ನು ಅಡುಗೆಗೆ ತರಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ನೆಲಗಡಲೆ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಆಗಲೇ. ಅದು ಲಿವರ್ ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಬರಲು ಹೆಚ್ಚು ದಿನ ಬೇಡ.

ಇದು ಹೊಸ ಆವಿಷ್ಕಾರವೂ ಅಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ 1950ರ ದಶಕದಲ್ಲೇ ಮೂರು ಪಾಲು ಎಣ್ಣೆ ತೆಗೆದ ನೆಲಗಡಲೆ ಹಿಟ್ಟಿಗೆ ಒಂದು ಪಾಲು ಕಡಲೆ ಹಿಟ್ಟು ಸೇರಿಸಿ, ಜೀವಸತ್ವ ಬೆರೆಸಿ, 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ತಯಾರಿಸಿತ್ತು. ಅದು ಹೊಟ್ಟೆಗೆ ಸಾಲದ ಬಡ ಮಕ್ಕಳಿಗಾಗಿ ಮಾಡಿದ್ದು. ಅಂಥದ್ದೇ ಹಿಟ್ಟು ಇಂದು ಹೊಟ್ಟೆ ಕರಗಿಸುವವರ ದುಬಾರಿ ಡಬ್ಬಿಯಾಗಿದೆ.

ಹಾಗಾಗಿ ಬೆಳೆಯುವ ಮಕ್ಕಳಿಗೆ, ದಿನವಿಡೀ ತೋಟದಲ್ಲಿ ದುಡಿಯುವವರಿಗೆ ಈ ಪುಡಿಯ ಅಗತ್ಯವಿಲ್ಲ. ಅವರಿಗೆ ಒಂದು ಹಿಡಿ ಹುರಿದ ನೆಲಗಡಲೆಯೇ ಒಳ್ಳೆಯದು, ಅಗ್ಗವೂ ಹೌದು. ಪ್ರೋಟೀನ್ ಬೇಕೆಂದರೆ ಹುರುಳಿ, ಹೆಸರು, ಮೊಟ್ಟೆ, ಬೂತಾಯಿ ಇವೆ.

ಉಳಿದವರು ಡಬ್ಬಿ ಆರ್ಡರ್ ಮಾಡುವ ಮೊದಲು ಇಷ್ಟು ಮಾಡಿ. ತಿಂಗಳಿಗೆ ಮನೆಗೆ ಎಷ್ಟು ಎಣ್ಣೆ ಬರುತ್ತದೆ, ಎಷ್ಟು ಕಾಯಿ ಒಡೆಯುತ್ತೀರಿ ಎಂದು ಬರೆದಿಡಿ. ಮುಂದಿನ ತಿಂಗಳು ಅದರಲ್ಲಿ ಸ್ವಲ್ಪ ಇಳಿಸಿ. ಅದಕ್ಕೆ ದುಡ್ಡು ಖರ್ಚಿಲ್ಲ.