ಮೂಳೆಯ ಪೊಳ್ಳು ತುಂಬುವ ಪಿಂಗಾಣಿ

ಮುರಿದ ಮೂಳೆ ತಾನಾಗಿ ಕೂಡಿಕೊಳ್ಳುವ ಗುಣವುಳ್ಳದ್ದು. ತುದಿಗಳನ್ನು ಸರಿಯಾಗಿ ಜೋಡಿಸಿ, ಅಲುಗಾಡದಂತೆ ಕಟ್ಟು ಹಾಕಿದರೆ ಉಳಿದ ಕೆಲಸವನ್ನು ದೇಹವೇ ಮಾಡುತ್ತದೆ. ಆದರೆ ಅಪಘಾತದಲ್ಲಿ ಮೂಳೆಯ ಒಂದು ತುಂಡೇ ಕಳೆದುಹೋದರೆ, ಅಥವಾ ಗಡ್ಡೆ ಬೆಳೆದ ಭಾಗವನ್ನು ಕೆರೆದು ತೆಗೆಯಬೇಕಾಗಿ ಬಂದರೆ, ಅಲ್ಲಿ ಉಳಿಯುವ ಪೊಳ್ಳು ಎಷ್ಟೋ ವೇಳೆ ತುಂಬುವುದೇ ಇಲ್ಲ. ಆಗ ಶಸ್ತ್ರವೈದ್ಯರು ರೋಗಿಯ ಸೊಂಟದ ಮೂಳೆಯಿಂದ ಚೂರುಗಳನ್ನು ತೆಗೆದು ಅಲ್ಲಿಗೆ ನಾಟಿ ಹಾಕುತ್ತಾರೆ. ಇಂದಿಗೂ ಹೆಚ್ಚು ಭರವಸೆಯ ವಿಧಾನ ಇದೇ. ಆದರೆ ಒಂದು ಗಾಯವನ್ನು ಮಾಯಿಸಲು ಇನ್ನೊಂದು ಗಾಯ ಮಾಡಬೇಕು. ಆ ನೋವು ಕೆಲವರನ್ನು ತಿಂಗಳುಗಟ್ಟಲೆ ಕಾಡುತ್ತದೆ. ಅಲ್ಲದೆ ಸೊಂಟದಿಂದ ತೆಗೆಯಬಹುದಾದ ಮೂಳೆಗೂ ಒಂದು ಮಿತಿಯುಂಟು.

ಹಾಗಾದರೆ ಮೂಳೆಯ ಪದಾರ್ಥವನ್ನು ಪ್ರಯೋಗಶಾಲೆಯಲ್ಲೇ ತಯಾರಿಸಬಾರದೆ? ಈ ಆಲೋಚನೆ ಹಳೆಯದು. 1920ರಲ್ಲಿ ಅಮೆರಿಕದ ಶಸ್ತ್ರವೈದ್ಯ ಫ್ರೆಡ್ ಆಲ್ಬೀ ಮತ್ತು ಅವರ ಸಹೋದ್ಯೋಗಿ ಮಾರಿಸನ್, ಮೊಲಗಳ ಮೂಳೆಯಲ್ಲಿನ ಅಂತರಕ್ಕೆ ಕ್ಯಾಲ್ಸಿಯಂ ಫಾಸ್ಫೇಟ್ ಸೇರಿಸಿದರೆ ಅದು ಬೇಗ ಕೂಡಿಕೊಳ್ಳುತ್ತದೆಂದು ವರದಿ ಮಾಡಿದರು.

ಮೂಳೆಯ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಖನಿಜ. ಉಳಿದದ್ದು ಬಹುಪಾಲು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಮತ್ತು ನೀರು. ಈ ಖನಿಜ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟಿನ ಜಾತಿಗೆ ಸೇರಿದ್ದು. ಮೂಳೆಯಲ್ಲಿ ಇದರ ಹರಳುಗಳು ಚಪ್ಪಟೆ ಬಿಲ್ಲೆಗಳಂತಿರುತ್ತವೆ. ಉದ್ದ ಸುಮಾರು 50 ನ್ಯಾನೋಮೀಟರ್, ದಪ್ಪ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೋಮೀಟರ್.

ಹೈಡ್ರಾಕ್ಸಿಅಪಟೈಟನ್ನು ತಯಾರಿಸುವುದು ಕಷ್ಟವಲ್ಲ. ಕ್ಯಾಲ್ಸಿಯಂ ನೈಟ್ರೇಟಿನ ದ್ರಾವಣಕ್ಕೆ ಅಮೋನಿಯಂ ಫಾಸ್ಫೇಟಿನ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ, ಅಮೋನಿಯಾ ಸೇರಿಸಿ ಕ್ಷಾರೀಯವಾಗಿ ಇರಿಸಿದರೆ ಬಿಳಿಯ ಪ್ರಕ್ಷೇಪ ದೊರೆಯುತ್ತದೆ. ಆದರೆ ಅಳತೆ ತಪ್ಪಬಾರದು. ಪ್ರತಿ 6 ರಂಜಕದ ಪರಮಾಣುಗಳಿಗೆ 10 ಕ್ಯಾಲ್ಸಿಯಂ ಪರಮಾಣುಗಳಿರಬೇಕು. ಕ್ಯಾಲ್ಸಿಯಂ ಹೆಚ್ಚಾದರೆ, ಕಾಯಿಸಿದಾಗ ಸುಟ್ಟ ಸುಣ್ಣ ಉಳಿದು, ಅದು ನೀರು ಕುಡಿದು ಉಬ್ಬಿ ಬಿಲ್ಲೆಯನ್ನೇ ಬಿರಿಸುತ್ತದೆ.

ನಿಜವಾದ ತೊಡಕು ಮುಂದಿದೆ. ತೊಳೆದು ಒಣಗಿಸಿದ ಈ ಪುಡಿಯ ಹರಳುಗಳು ಮೂಳೆಯ ಹರಳುಗಳಷ್ಟೇ ಸಣ್ಣವು. ಆದರೆ ಪುಡಿಯನ್ನು ಅಚ್ಚಿನಲ್ಲಿ ಒತ್ತಿದ ಮಾತ್ರಕ್ಕೆ ಗಟ್ಟಿಯಾಗದು. ಹಸಿ ಮಡಕೆಯನ್ನು ಕುಂಬಾರ ಆವಿಗೆಯಲ್ಲಿ ಸುಡುವಂತೆ ಇದನ್ನೂ ಸುಡಬೇಕು. 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಣಗಳು ಒಂದಕ್ಕೊಂದು ಬೆಸೆದು ಬಿಲ್ಲೆ ಗಟ್ಟಿಯಾಗುತ್ತದೆ, ನಿಜ. ಅದೇ ಶಾಖದಲ್ಲಿ ದೊಡ್ಡ ಕಣಗಳು ಸಣ್ಣವನ್ನು ನುಂಗಿ ಬೆಳೆಯುತ್ತವೆ. ಬಲ ಬಂದಾಗ ನವಿರು ಹೋಗಿರುತ್ತದೆ.

ನವಿರು ಹೋದರೇನು ನಷ್ಟ? 2000ದಲ್ಲಿ ಅಮೆರಿಕದ ರೆನ್ಸಲೇರ್ ಪಾಲಿಟೆಕ್ನಿಕ್ ಸಂಸ್ಥೆಯ ಥಾಮಸ್ ವೆಬ್‌ಸ್ಟರ್ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕೊಟ್ಟರು. ಮೂಳೆ ಕಟ್ಟುವ ಜೀವಕೋಶಗಳನ್ನು ಅವರು ಎರಡು ಬಗೆಯ ಬಿಲ್ಲೆಗಳ ಮೇಲೆ ಬೆಳೆಸಿ ನೋಡಿದರು. ರಾಸಾಯನಿಕವಾಗಿ ಎರಡೂ ಒಂದೇ. ಆದರೆ 100 ನ್ಯಾನೋಮೀಟರಿಗಿಂತ ಸಣ್ಣ ಕಣಗಳ ಬಿಲ್ಲೆಯ ಮೇಲೆ ಕೋಶಗಳು ಹೆಚ್ಚಾಗಿ ವೃದ್ಧಿಯಾಗಿ, ಹೆಚ್ಚು ಕ್ಯಾಲ್ಸಿಯಂ ಶೇಖರಿಸಿದವು. ಕೋಶಕ್ಕೆ ಹಿಡಿತ ಕೊಡುವುದು ಬಿಲ್ಲೆಗೆ ಮೊದಲು ಅಂಟುವ ಪ್ರೋಟೀನುಗಳು. ನವಿರಾದ ಮೈಮೇಲೆ ಅವು ಚೆನ್ನಾಗಿ ಅಂಟುತ್ತವೆ.

ಆದ್ದರಿಂದ ಕಣ ಬೆಳೆಯದಂತೆ ಸುಡುವುದೇ ಈ ವಿದ್ಯೆಯ ಗುಟ್ಟು. ಒತ್ತಡದಲ್ಲಿಟ್ಟು ಕಡಿಮೆ ಶಾಖದಲ್ಲಿ ಬೇಯಿಸುವುದು ಒಂದು ದಾರಿ. ಶಾಖವನ್ನು ಏರಿಸಿ, ಕೂಡಲೇ ಇಳಿಸಿ, ಬಹು ಹೊತ್ತು ಹಾಗೆಯೇ ಇರಿಸುವುದು ಇನ್ನೊಂದು. ಮೈಕ್ರೋವೇವ್ ಒಲೆಯಲ್ಲಿ ಬೇಗ ಕಾಯಿಸುವುದು ಮತ್ತೊಂದು. ಪುಡಿ ತಯಾರಿಕೆಗೂ ಮೈಕ್ರೋವೇವ್ ಉಪಯುಕ್ತ. ಮದರಾಸಿನ ಐಐಟಿಯ ಟಿ. ಎಸ್. ಸಂಪತ್ ಕುಮಾರ್ ಅವರ ತಂಡ 2007ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕ್ಯಾಲ್ಸಿಯಂ ಬಂದದ್ದು ಕೋಳಿಮೊಟ್ಟೆಯ ಚಿಪ್ಪಿನಿಂದ. ಚಿಪ್ಪಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಸುಟ್ಟರೆ ಸುಣ್ಣವಾಗುತ್ತದೆ.

ಇಷ್ಟಾದರೂ ಇದು ಎಲ್ಲಕ್ಕೂ ಮದ್ದಲ್ಲ. ಪಿಂಗಾಣಿ ಒತ್ತಡವನ್ನು ತಾಳೀತು, ಬಾಗಿಸಿದರೆ ಒಡೆಯುತ್ತದೆ. ಕೊಲಾಜೆನ್ ನಾರಿನ ಹೆಣಿಗೆ ಅದಕ್ಕಿಲ್ಲ. ಹೀಗಾಗಿ ದೇಹದ ಭಾರ ಹೊರುವ ತೊಡೆಯ ಮೂಳೆಯಲ್ಲಿ ಲೋಹದ ಪಟ್ಟಿಯ ಆಸರೆಯಿಲ್ಲದೆ ಅದು ನಿಲ್ಲದು. ದವಡೆಯ ಹಳ್ಳ, ಬೆನ್ನೆಲುಬಿನ ಸಂದು, ಗಡ್ಡೆ ತೆಗೆದ ಪೊಳ್ಳು ಇವೇ ಅದಕ್ಕೆ ತಕ್ಕ ಜಾಗಗಳು.

ಅಲ್ಲಿಯೂ ಅದರ ಕೆಲಸ ಚಾವಣಿಗೆ ಕೊಡುವ ಸೆಂಟ್ರಿಂಗಿನಂಥದು. ಕಾಂಕ್ರೀಟು ಗಟ್ಟಿಯಾಗುವ ಮುನ್ನ ಬಿಚ್ಚಿದರೆ ಚಾವಣಿ ಕುಸಿಯುತ್ತದೆ. ಬಿಚ್ಚದೇ ಬಿಟ್ಟರೆ ಮನೆಯಲ್ಲಿ ಜಾಗವೇ ಇರದು. ಪಿಂಗಾಣಿ ಬೇಗ ಕರಗಿದರೆ ಮತ್ತೆ ಪೊಳ್ಳು, ಕರಗದಿದ್ದರೆ ಮೂಳೆಯೊಳಗೊಂದು ಕಲ್ಲು. ಹೊಸ ಮೂಳೆ ಬಂದಷ್ಟೂ ಜಾಗ ಬಿಟ್ಟುಕೊಡುವ ಪಿಂಗಾಣಿಯೇ ರೋಗಿಗೆ ಬೇಕಾದದ್ದು.