ಉಗುರಿನಷ್ಟು ಸಾಕೆಟ್ಟಿಗೆ ಇಡೀ ಬೋರ್ಡ್ ಬಿಸಾಕಬೇಕೆ?

ನಮ್ಮ ಬೋರಿನಲ್ಲಿ ಬರೋದೇ ಒಂದೂವರೆ ಇಂಚು ನೀರು. ತ್ರೀ ಫೇಸ್ ಕರೆಂಟು ಎಷ್ಟೊತ್ತಿಗೆ ಬಂದರೂ ಮನೆಯಿಂದಲೇ ಮೋಟ್ರು ಹಾಕಬಹುದು ಅಂತ ಮೊಬೈಲ್ ಸ್ಟಾರ್ಟರ್ ತಂದಿಟ್ಟೆ. ಎರಡು ವರ್ಷ ಚೆನ್ನಾಗಿತ್ತು. ಹೋದ ಬೇಸಿಗೆಯಲ್ಲಿ ಫೋನ್ ಮಾಡಿದರೆ 'ಸ್ವಿಚ್ ಆಫ್' ಅನ್ನೋಕೆ ಶುರುವಾಯ್ತು. ಡಬ್ಬಿ ಬಿಚ್ಚಿ ನೋಡಿದೆ. ಸಿಮ್ ಕೂರಿಸುವ ಸಾಕೆಟ್ಟಿನ ಪಿನ್ನುಗಳಿಗೆ ಕಿಲುಬು ಹಿಡಿದು, ಎರಡು ಮುರಿದೇ ಹೋಗಿದ್ದವು. ಹೊಲದಲ್ಲಿ ಕಡ್ಲೆಕಾಯಿ ಹೂವಿಗೆ ಬಂದಿತ್ತು.

ಮಾರಿದವರು "ಬೋರ್ಡೇ ಬದಲಾಯಿಸಬೇಕು ಯಜಮಾನ್ರೆ" ಅಂದರು. ಎರಡು ಸಾವಿರದ ಮೇಲೆ. ಕೆಟ್ಟಿರೋದು ಇಪ್ಪತ್ತು ರೂಪಾಯಿನ ಸಾಕೆಟ್ಟು!

ಶಿರಾದ ಒಂದು ಅಂಗಡಿಗೆ ಒಯ್ದೆ. ಅವನು ಬೆಸುಗೆ ಕಡ್ಡಿ ತಾಗಿಸಿ, ಇಕ್ಕಳದಲ್ಲಿ ಹಿಡಿದು ಜಗ್ಗಿದ. ಸಾಕೆಟ್ಟು ಬರಲಿಲ್ಲ, ಬೋರ್ಡಿನ ಒಂದು ತಾಮ್ರದ ಗೆರೆ ಕಿತ್ತು ಬಂತು. ಒಣನೆಲದಲ್ಲಿ ಕಡ್ಲೆಕಾಯಿ ಕಿತ್ತ ಹಂಗೆ, ಗಿಡ ಕೈಯಲ್ಲಿ, ಕಾಯಿ ಮಣ್ಣಲ್ಲಿ.

ಕೊನೆಗೆ ಮಧುಗಿರಿಯ ಮೊಬೈಲ್ ಅಂಗಡಿ ಹುಡುಗ ಬಿಸಿಗಾಳಿ ಯಂತ್ರದಲ್ಲಿ ತೆಗೆದುಕೊಟ್ಟ. ಪಕ್ಕದ ಸಣ್ಣ ಭಾಗಗಳಿಗೆ ಶಾಖ ತಡೆಯೋ ಹಳದಿ ಟೇಪು ಅಂಟಿಸಿದ. ಪೇಸ್ಟು ಹಚ್ಚಿ, ಹಳೇ ಬೆಸುಗೆಗೆ ಸೀಸದ ಬೆಸುಗೆ ಬೆರೆಸಿದ. ಸೀಸ ಇಲ್ಲದ ಬೆಸುಗೆ ಕರಗೋಕೆ 217 ಡಿಗ್ರಿ ಆಸುಪಾಸು ಬೇಕಂತೆ, ಸೀಸ-ತವರದ್ದು 183ಕ್ಕೇ ಕರಗುತ್ತೆ. ಬೆರೆಸಿದರೆ ಬೇಗ ಬಿಡುತ್ತೆ. ಗಾಳಿಯನ್ನ ಒಂದೇ ಕಡೆ ನಿಲ್ಲಿಸದೆ ಸುತ್ತಿಸುತ್ತಾ ಇದ್ದ. "ಕೀಳಬಾರದು ಅಣ್ಣ, ಎಲ್ಲಾ ಕಾಲು ಕರಗಿದ ಮೇಲೆ ಅದೇ ಬರುತ್ತೆ" ಅಂದ. ಚಿಮುಟದಲ್ಲಿ ಮೆಲ್ಲಗೆ ಮುಟ್ಟಿದ, ಜಾರಿ ಬಂತು. ಜಾಗ ಒರೆಸಿ ಹೊಸದು ಕೂರಿಸುವಾಗ ಪ್ಲಾಸ್ಟಿಕ್ ಕರಗದಂತೆ ಗಾಳಿ ಅಳತೆಯಲ್ಲಿ ಬಿಟ್ಟ. ಕಿತ್ತುಹೋಗಿದ್ದ ಗೆರೆಗೆ ಕೂದಲಿನಂಥ ತಂತಿ ಹಾಕಿದ. ಮುನ್ನೂರು ರೂಪಾಯಿ ಕೊಟ್ಟು ಬಂದೆ.

ನನ್ನ ತಕರಾರು ಇಷ್ಟೆ. ಧೂಳು, ಇರುವೆ, ಹಲ್ಲಿ ಇರೋ ಮೋಟ್ರು ಮನೆಯಲ್ಲಿ ಮೊದಲು ಕೆಡೋದೇ ಸಾಕೆಟ್ಟು. ಅದನ್ನ ಬೇರೆ ಸಣ್ಣ ಬೋರ್ಡಿನಲ್ಲಿ ಮಾಡಿದರೆ ಸ್ಕ್ರೂ ಬಿಚ್ಚಿ ನಾವೇ ಬದಲಾಯಿಸ್ಕೋತೀವಿ. ಅದಾಗದಿದ್ದರೆ ಸಾಕೆಟ್ಟಿನ ನಂಬರನ್ನಾದರೂ ಪುಸ್ತಕದಲ್ಲಿ ಬರೀಲಿ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಡಿಸೆಂಬರ್ 24ರಂದು ಪೋರ್ಟಲ್ಲೂ ತೆರೆಯಿತು. ಆರಿಸಿಕೊಂಡ ನಾಲ್ಕು ವಿಭಾಗದಲ್ಲಿ ಕೃಷಿ ಉಪಕರಣವೂ ಒಂದು. ಆದರೆ ನನ್ನ ಡಬ್ಬಿಯ ಜತೆ ಬಂದ ಕಾಗದದಲ್ಲಿ ಬಿಡಿಭಾಗದ ಒಂದು ಅಕ್ಷರವೂ ಇಲ್ಲ.

ಇನ್ನೊಂದು ಮಾತು. ಮೋಟ್ರು ಸುತ್ತೋ ಅಂಗಡಿ ಕೊರಟಗೆರೆ, ಪಾವಗಡ ಕಡೆ ಎಲ್ಲೆಲ್ಲೂ ಸಿಗುತ್ತೆ. ಬೋರ್ಡಿನ ಕೆಲಸ ಗೊತ್ತಿರೋರನ್ನ ಹುಡುಕಬೇಕು. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕೇ ಇದೆ, ಆದರೂ ಒಂದು ಸಾಕೆಟ್ಟಿಗೆ ರೈತ ಬಸ್ಸು ಹತ್ತಬೇಕು. ಮೋಟ್ರು ಸುತ್ತೋ ಹುಡುಗರಿಗೇ ಐಟಿಐಗಳಲ್ಲಿ ಹದಿನೈದು ದಿನ ಈ ಬಿಸಿಗಾಳಿ ಕೆಲಸ ಹೇಳಿಕೊಟ್ಟರೆ ಸಾಕು, ಅವರ ಕೈ ಆಗಲೇ ಪಳಗಿದೆ.

ಅಲ್ಲಿವರೆಗೆ, "ಬೋರ್ಡು ಹೋಗಿದೆ" ಅಂದರೆ ಯಾವ ಭಾಗ ಹೋಗಿದೆ ಅಂತ ಕೇಳಿ. ಡಬ್ಬಿ ಮುಟ್ಟುವ ಮುಂಚೆ ಫ್ಯೂಸ್ ತೆಗೀರಿ. ವೈರು ಒಳಗೆ ಹೋಗೋ ತೂತಿಗೆ ನಾನು ಈಗ ಎಂ-ಸೀಲ್ ಮೆತ್ತಿದ್ದೀನಿ, ಇರುವೆ ನಿಂತಿವೆ.